ಓರೆ ನಿಂತರೆ ಸಾಗುವ ದೋಣಿ

ಆ ಬೆಳಿಗ್ಗೆ ಮಂಜು ಇಳಿದು, ಹೊಳೆ ಎಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರುವಾಯಿತು ಎನ್ನುವುದು ದೇವರಿಗೇ ಗೊತ್ತಿತ್ತು. ದಡದಲ್ಲಿ ಕಾಯುತ್ತಿದ್ದ ಅಂಬಿಗನ ಬಳಿಗೆ ಬಂದವನು ಒಬ್ಬನೇ, ಅವನ ಅಣ್ಣ. ಮರ ಕೊಯ್ಯುವ ಯಂತ್ರಕ್ಕೆ ಬಲಗೈ ಹೋಗಿ ಅಣ್ಣನಿಗೆ ಮೂರು ವರ್ಷವಾಗಿತ್ತು. ದುಡಿಯಲಾಗದವರಿಗೆ ಊರಿನಿಂದ ನೆರವು ಕೊಡಬೇಕೋ ಬೇಡವೋ ಎಂದು ಇವತ್ತು ಆಚೆ ದಡದ ಸಭೆಯಲ್ಲಿ ಕೈ ಎತ್ತುವುದಿತ್ತು. ಬೇಡ ಎನ್ನುವವರಲ್ಲಿ ಅಂಬಿಗನದೇ ದೊಡ್ಡ ಗಂಟಲು. ಅದರಿಂದಲೇ ಅಣ್ಣ ತಮ್ಮಂದಿರ ಮಾತು ನಿಂತಿತ್ತು.

"ಹತ್ಲಾ? ಇಲ್ಲ, ಒಂದೇ ಕೈಲಿ ಈಜ್ಕೊಂಡು ಹೋಗ್ಲಾ?" ಎಂದ ಅಣ್ಣ.

"ಹತ್ತು. ನನ್ನ ದೋಣಿ ಯಾರನ್ನೂ ಬೇಡ ಅನ್ನಲ್ಲ."

"ದೋಣಿ ಅನ್ನಲ್ಲಪ್ಪ, ಅಂಬಿಗ ಅಂತಾನೆ."

ಅಂಬಿಗನಿಗೆ ಮೂಗಿನ ತುದಿಯಲ್ಲೇ ಕೋಪ. "ಇಪ್ಪತ್ತು ವರ್ಷ ಈ ತೋಳಲ್ಲೇ ಜನಾನ ದಾಟ್ಸಿದೀನಿ. ಯಾರ ಮುಂದೇನೂ ಕೈ ಚಾಚಿಲ್ಲ. ಕೈ ಕೆಸರಾದ್ರೆ ಬಾಯಿ ಮೊಸರು!"

"ಕೈಯೇ ಇಲ್ದವನು ಯಾವುದನ್ನ ಕೆಸರು ಮಾಡ್ಕೊಳ್ಲೋ?"

ಎನ್ನುತ್ತಲೇ ಅಣ್ಣ ದೋಣಿ ಹತ್ತಿದ. ನಡುಹೊಳೆಗೆ ಬರುತ್ತಲೇ ಅಂಬಿಗ ಸಿಟ್ಟನ್ನೆಲ್ಲ ಹಿಂದಿನ ಹಗ್ಗದ ಮೇಲೆ ತೋರಿಸಿ ಬಿಗಿಯಾಗಿ ಎಳೆದುಕಟ್ಟಿದ. ಹೊಳೆಗೆ ಅಡ್ಡಲಾಗಿ ಬಿಗಿದ ತಂತಿಗೆ ಆ ದೋಣಿಯನ್ನು ಹಿಂದೊಂದು, ಮುಂದೊಂದು ಹಗ್ಗದಿಂದ ಕಟ್ಟಿ ನೀರಿಗೆ ಬಿಟ್ಟಿತ್ತು. ಹಿಂದಿನದು ಸಡಿಲವಿದ್ದರೆ ದೋಣಿ ಓರೆಯಾಗಿ, ಹರಿವೇ ಅದನ್ನು ಆಚೆ ದಡಕ್ಕೆ ತಳ್ಳುತ್ತಿತ್ತು. ಈಗ ದೋಣಿ ನೆಟ್ಟಗಾಯಿತು. ನೀರು ಎರಡೂ ಮಗ್ಗುಲಿಗೆ ಸರಿದು, ದೋಣಿಯನ್ನು ತಳ್ಳದೆ ಹೋಯಿತು; ದೋಣಿ ನಿಂತುಬಿಟ್ಟಿತು.

ಸುತ್ತ ಬಿಳಿ. ದಡವಿಲ್ಲ, ಸದ್ದಿಲ್ಲ. ಇಬ್ಬರೂ ಯಾರದೋ ಕನಸಿನಲ್ಲಿ ಕೂತಂತಿತ್ತು. ಅಂಬಿಗ ತಂತಿ ಹಿಡಿದು ಎಳೆದ, ಎಳೆದ. ಅಂಗೈ ಬೊಕ್ಕೆ ಬಂದು ಒಡೆಯಿತು. ದೋಣಿ ಗೇಣುದ್ದವೂ ಕದಲಲಿಲ್ಲ.

"ಹಿಂದಿನ ಹಗ್ಗ ಬಿಡೋ, ಮರಿ," ಎಂದ ಅಣ್ಣ ಮೆಲ್ಲಗೆ. "ಅಪ್ಪ ಹೇಳ್ಕೊಟ್ಟಿದ್ದು ಮರ್ತೋಯ್ತಾ?"

ಬಿಟ್ಟ. ನಿದ್ದೆಗಣ್ಣಿನ ಮಗುವನ್ನು ತಾಯಿ ಮಗ್ಗುಲಾಗಿಸುವಂತೆ ಹೊಳೆ ದೋಣಿಯನ್ನು ತಿರುಗಿಸಿ ಕೊಂಡೊಯ್ಯಿತು. ಅಂಬಿಗ ತನ್ನ ಅಂಗೈ ನೋಡಿಕೊಂಡ.

"ಹಂಗಾದ್ರೆ ಇಷ್ಟು ವರ್ಷ ದಾಟ್ಸಿದ್ದು ಇವಳೇನಾ, ಈ ಹೊಳೆ?"

"ಓರೆ ಮಾಡಿದೋನು ನೀನೇ ಕಣೋ, ಅದು ಸುಳ್ಳಲ್ಲ. ಆದ್ರೆ ಹೊಳೆ ಬತ್ತಿದ್ರೆ? ನಂದು ಬತ್ತಿದೆ, ಅಷ್ಟೆ."

ಸಭೆಯಲ್ಲಿ, "ನೆರವು ಬೇಕು ಅನ್ನೋರು ಕೈ ಎತ್ತಿ," ಎಂದಾಗ ಅಣ್ಣನ ಎಡಗೈ ಎದ್ದಿತು. ಪಕ್ಕದಲ್ಲೇ ಬೊಕ್ಕೆ ಒಡೆದ ಬಲಗೈಯೊಂದು ಮೇಲೆದ್ದಿತು. ತಾನೇ ಎತ್ತಿದನೋ, ಎತ್ತಿಸಿದವನು ಬೇರೆಯೋ, ಅಂಬಿಗನಿಗೆ ತಿಳಿಯಲಿಲ್ಲ.

"ಏನಯ್ಯಾ, ಮಂಜು ತಲೆಗೇರಿತಾ?" ಎಂದು ಹಿಂದಿನಿಂದ ಯಾರೋ ನಕ್ಕರು.

"ಸಾಕು, ಎಣಿಸಿ ಆಯ್ತು. ಕೈ ಇಳ್ಸೋ," ಎಂದ ಅಣ್ಣ.

ಅಂಬಿಗ ಇಳಿಸಲಿಲ್ಲ.