ಕುದುರೆ ಏಳುವ ರೀತಿ

ಗಂಟಲಿನ ಆಪರೇಷನ್ ಆದಮೇಲೆ ನನಗೆ ಉಳಿದದ್ದು ಪಿಸುಮಾತು ಮಾತ್ರ. ರಷ್ಯಾದ ನಮ್ಮ ಕಸ್ತ್ರಮಾ ಊರಿನ ನಾಟಕಶಾಲೆಯಲ್ಲಿ ನಲವತ್ತು ವರ್ಷ ಕೊನೆಯ ಸಾಲಿನವರೆಗೂ ಕೇಳಿಸುತ್ತಿದ್ದ ದನಿ ಅದು! ಇನ್ನು ಮನೆಯಲ್ಲಿ ಕೂತು ಚಳಿಗಾಲಕ್ಕೆ ಸೌತೆಕಾಯಿಯನ್ನು ಉಪ್ಪುನೀರಲ್ಲಿ ಹಾಕಿಡುವುದೇ ಗತಿ ಅಂದುಕೊಂಡಿದ್ದೆ. ಆಗ ಹೊಸ ನಿರ್ದೇಶಕ ಗ್ಲೇಬ್ ಬಂದ. ನಾವೆಲ್ಲ ಶಾಲೆಯಲ್ಲಿ ಓದಿ ಅತ್ತಿದ್ದ ಮುದಿ ಕುದುರೆಯ ಕಥೆಯನ್ನು ಮಾತೇ ಇಲ್ಲದೆ, ಬರೀ ಮೈಯಲ್ಲಿ, ಕುಣಿತದಲ್ಲಿ ಆಡಿಸುತ್ತಾನಂತೆ.

"ಕುದುರೆ ಆಗ್ತೀರಾ, ರಿಮ್ಮಾ ಅರ್ಕಾದ್ಯೆವ್ನಾ?"

"ಇಷ್ಟು ವರ್ಷ ಕತ್ತೆ ಥರ ದುಡಿದಿದೀನಿ. ಈಗ ಬಡ್ತಿನಾ?" ಎಂದು ಪಿಸುಗುಟ್ಟಿದೆ.

ತೊಂದರೆ ಕೊಟ್ಟದ್ದು ಕೊನೆಯ ದೃಶ್ಯ. ಹಿಮದಲ್ಲಿ ಬಿದ್ದ ಕುದುರೆ, ಮನೆಯ ದಾರಿ ಕಂಡು, ಒಂದೇ ಒಂದು ಸಲ ಎದ್ದು ನಿಲ್ಲಬೇಕು. ನಾನು ಎದ್ದಾಗಲೆಲ್ಲ ಕುಣಿಯುವ ಹುಡುಗಿಯರು ತುಟಿ ಕಚ್ಚಿ ನಗು ತಡೆಯುತ್ತಿದ್ದರು. ಎಲ್ಲಿ ತಪ್ಪುತ್ತಿದೆ ಎಂದು ಗ್ಲೇಬ್‌ಗೂ ಗೊತ್ತಾಗಲಿಲ್ಲ.

"ಶುಕ್ರವಾರದವರೆಗೂ ನೋಡೋಣ. ಆಗದಿದ್ರೆ ಲಾದಾ ಮಾಡ್ಲಿ," ಎಂದ, ನನ್ನ ಮುಖ ನೋಡದೆ. ಕುಣಿಯುವ ಹುಡುಗಿಯರಲ್ಲಿ ಒಬ್ಬಳಾದ ಲಾದಾಗೆ ಇಪ್ಪತ್ತೆರಡು. ಈ ಪಾತ್ರ ಹೋದರೆ ನನಗೆ ಇನ್ನೊಂದಿಲ್ಲ.

ವೇದಿಕೆಯ ಹಿಂದಿನ ಓಣಿಗೆ ಬಂದಾಗ ಪಾತ್ರದ ಹಾಳೆ ಕೈಜಾರಿ ಕೆಳಗೆ ಬಿತ್ತು. ಮಾತಿಲ್ಲದ ಪಾತ್ರ, ಹಾಳೆಯಲ್ಲಿದ್ದದ್ದು ಗ್ಲೇಬ್ ಗೀಚಿದ ನಾಲ್ಕು ಗೆರೆ. ಆದರೂ ನಂಬಿಕೆ ನಂಬಿಕೆಯೇ. ಬಿದ್ದ ಹಾಳೆಯ ಮೇಲೆ ಒಮ್ಮೆ ಕೂರದೆ ನಮ್ಮಲ್ಲಿ ಯಾವ ನಟಿಯೂ ಅದನ್ನು ಎತ್ತಿಕೊಳ್ಳುವುದಿಲ್ಲ; ಎತ್ತಿಕೊಂಡರೆ ಪಾತ್ರ ಕೈತಪ್ಪುತ್ತದಂತೆ. ಧೊಪ್ಪನೆ ಕೂತೆ. ಏಳುವುದು ದೊಡ್ಡ ಸಾಹಸವಾಯಿತು. ಕೈಯೂರಿ, ಮೊದಲು ಸೊಂಟ ಮೇಲೆತ್ತಿ, ಏದುಸಿರು ಬಿಡುತ್ತ ಎದ್ದೆ.

ಯಾರೋ ನಕ್ಕರು. ನಾಟಕಶಾಲೆಯ ಬೆಂಕಿ ಕಾವಲಿನ ಪ್ರೋಖೋರ್ ಇಲ್ಯಿಚ್. ಇಪ್ಪತ್ತು ವರ್ಷದಿಂದ ಪರದೆಯ ಪಕ್ಕ ಮರಳಿನ ಬಕೆಟ್ ಜೊತೆ ನಿಂತಿರುವ ಮನುಷ್ಯ. ನಾನು ಒಂದು ದಿನವೂ ಅವನನ್ನು ಮಾತಾಡಿಸಿದವಳಲ್ಲ.

"ಏನು ಹಲ್ಲು ಕಿರೀತೀಯ?"

"ಬೇಜಾರಾಗಬೇಡಿ ತಾಯಿ. ಹಿಂದಿನಿಂದ ಏಳೋದು ಹಸು. ಒಂದು ತಿಂಗಳಿಂದ ನೋಡ್ತಿದೀನಿ, ನೀವು ವೇದಿಕೆ ಮೇಲೆ ಹಸು ಥರಾನೇ ಏಳ್ತಿದೀರಿ. ಕುದುರೆ ಮುಂಗಾಲು ಚಾಚಿ, ಎದೆ ಎತ್ತಿ, ಆಮೇಲೆ ಹಿಂದಿನ ಭಾರ ಎಳ್ಕೊಳತ್ತೆ."

"ಒಂದು ತಿಂಗಳಿಂದ ಬಾಯಲ್ಲಿ ಕಡುಬಿಟ್ಕೊಂಡಿದ್ಯಾ?"

"ನನ್ನನ್ನ ಯಾರು ಕೇಳಿದ್ರು?"

ಆ ಮಾತು ನನಗೆ ಚೆನ್ನಾಗಿಯೇ ನಾಟಿತು. "ಈಗ ಕೇಳ್ತಿದೀನಿ, ಪ್ರೋಖೋರ್ ಇಲ್ಯಿಚ್. ಹೇಳಿಕೊಡಿ," ಎಂದೆ.

ಹಿಂದೊಂದು ಕಾಲದಲ್ಲಿ ಅವನು ಹಳ್ಳಿಯ ಲಾಯ ನೋಡಿಕೊಂಡಿದ್ದವನು. ಮೂರು ದಿನ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಪರದೆಗಳನ್ನು ಇಡುವ ಕೋಣೆಯಲ್ಲಿ ನನ್ನನ್ನು ಬೀಳಿಸಿ ಎಬ್ಬಿಸಿದ. ಅವನದು ಒಂದೇ ಮಂತ್ರ: "ಎದೆ, ತಾಯಿ, ಎದೆ!" ಮಂಡಿಗಳು ನನ್ನ ಏಳು ತಲೆಮಾರನ್ನು ಶಪಿಸಿದವು. ಶುಕ್ರವಾರ ಗ್ಲೇಬ್‌ನ ಎದುರು ಎದ್ದೆ. ಹುಡುಗಿಯರು ನಗಲಿಲ್ಲ. ಲಾದಾಳೇ ಮೊದಲು ಚಪ್ಪಾಳೆ ತಟ್ಟಿದಳು.

ಮೊದಲ ಪ್ರದರ್ಶನದ ದಿನ ಮುಂಗೈ ಚಾಚಿದೆ, ಎದೆ ಎತ್ತಿದೆ. ಅರ್ಧದಲ್ಲಿ ಬಲಮಂಡಿ ಕೈಕೊಟ್ಟಿತು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಪಕ್ಕದ ಕತ್ತಲಿನಲ್ಲಿ ಬಕೆಟ್ ಹತ್ತಿರ ಒಬ್ಬ ಮುದುಕ ತನ್ನ ಎದೆಯನ್ನು ಮುಷ್ಟಿಯಿಂದ ಗುದ್ದಿಕೊಳ್ಳುತ್ತಿದ್ದ. ಉಸಿರು ಕಟ್ಟಿ ಹಿಂದಿನ ಭಾರವನ್ನು ಎಳೆದುಕೊಂಡೆ. ನಿಂತೆ.

ಪರದೆ ಬಿದ್ದ ಮೇಲೆ ಹೂಗುಚ್ಛಗಳನ್ನು ಲಾದಾಳ ಕೈಗೆ ತುರುಕಿ ನೇರ ಅವನ ಬಳಿ ಹೋದೆ. ಥ್ಯಾಂಕ್ಸ್ ಹೇಳಲು ಬಾಯಿ ತೆರೆದರೆ ಇದ್ದ ಪಿಸುದನಿಯೂ ಬರಲಿಲ್ಲ. ಮನಸ್ಸು ಮಾತ್ರ ತುಂಬಿ ಬಂದಿತ್ತು. ಕುದುರೆ ಮಾಡುವಂತೆ ಅವನ ಹೆಗಲಿಗೆ ಹಣೆ ಒತ್ತಿ ನಿಂತೆ.

"ನನ್ನ ಕುದುರೆ ಒಂದಿತ್ತು, ಮಾಲ್ವಾ ಅಂತ," ಎಂದ. "ನಾನು ಲಾಯದಲ್ಲಿದ್ದ ಕೊನೇ ಚಳಿಗಾಲದಲ್ಲಿ ಬಿತ್ತು. ಎರಡು ದಿನ ಪಕ್ಕದಲ್ಲೇ ಕೂತು ಎಬ್ಬಿಸೋಕೆ ನೋಡಿದೆ. ಏಳಲೇ ಇಲ್ಲ. ಇವತ್ತು ಎದ್ದಳು, ತಾಯಿ. ನಾನೇ ನಿಮಗೆ ಋಣಿ."

ಜೇಬಿನಿಂದ ಉಪ್ಪು ಸವರಿದ ಕಪ್ಪು ಬ್ರೆಡ್ಡಿನ ತುಂಡು ತೆಗೆದು, ಕುದುರೆಗೆ ಕೊಡುವಂತೆ ಅಂಗೈ ಮೇಲಿಟ್ಟು ಚಾಚಿದ. ನಾನು ಕೈ ಮುಟ್ಟಿಸದೆ, ಬಗ್ಗಿ, ಅವನ ಅಂಗೈಯಿಂದಲೇ ತಿಂದೆ.