ದವಡೆಯೊಳಗಿನ ವಯಸ್ಸು

ಕೂಲಿಗೆಂದು ಊರೂರು ತಿರುಗುತ್ತಿದ್ದ ನನ್ನ ದೂರದ ತಂಗಿ, ಅವಳ ಗಂಡ ಇಬ್ಬರೂ ತೀರಿಕೊಂಡ ಮೇಲೆ ಅವರ ಮಗಳು ಗಂಗಾಶ್ರೀ ತಾಳಗುಂದದ ನಮ್ಮ ಮನೆಗೆ ಬಂದಳು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ. ನನ್ನ ಮಗಳು ಶರಣ್ಯ ಒಂದನೇ ಕ್ಲಾಸಿನಲ್ಲಿ ಉಟ್ಟ ಲಂಗ ಅವಳಿಗೆ ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

"ಹಂಗಾದ್ರೆ ಆರೇ ವರ್ಷ," ಎಂದರು ನಮ್ಮ ಯಜಮಾನರು. ಹೆಡ್‌ಮಾಸ್ಟರು ಚಂದ್ರಶೇಖರಪ್ಪನವರೂ ಎತ್ತರ ನೋಡಿ ಒಂದನೇ ಕ್ಲಾಸಿಗೆ ಕೂರಿಸಿದರು.

"ನಾನು ಶರಣ್ಯನಷ್ಟೇ ದೊಡ್ಡೋಳು ದೊಡ್ಡಮ್ಮ, ಅವಳ ಜೊತೆ ಮೂರನೇ ಕ್ಲಾಸಿಗೆ ಹಾಕ್ಸಿ," ಎಂದು ದಿನಾ ಗೋಗರೆಯುತ್ತಿದ್ದಳು.

"ದೊಡ್ಡೋಳಂತೆ, ಬಾಗಿಲ ಚಿಲಕ ಎಟುಕಲ್ಲ," ಎಂದು ಶರಣ್ಯ ಅಣಕಿಸುವಳು.

ಒಂದು ದಿನ ಶಾಲೆಯ ಬಿಸಿಯೂಟಕ್ಕೆ ಪಾಯಸ ಒಯ್ದಿದ್ದೆ. ಪಾತ್ರೆ ಕಂಡು ಒಂದನೇ ಕ್ಲಾಸಿನ ಸಾಲು ನಕ್ಕಿತು. ಕೆಲವರಿಗೆ ಮುಂದೆ ಕಿಂಡಿ, ಉಳಿದವರಿಗೆ ಅಕ್ಕಿಕಾಳಿನಂಥ ಹಾಲುಹಲ್ಲು. ಗಂಗಾಶ್ರೀಗೆ ಮಾತ್ರ ಅಗಲವಾದ ಹೊಸ ಹಲ್ಲುಗಳು.

"ಮುಂದಿನ ಹಲ್ಲು ಯಾವಾಗ ಬಿದ್ವೇ?"

"ಅಮ್ಮ ಇದ್ದಾಗ್ಲೇ. ಸಗಣೀಲಿಟ್ಟು ಶೆಡ್ಡಿನ ತಗಡಿನ ಮೇಲೆ ಎಸೆದ್ವಿ. ಡಣ್ ಅಂತು."

ಅವಳಮ್ಮ ಹೋಗಿ ಆಗಲೇ ವರ್ಷ ಮೀರಿತ್ತು. ಈಗ ಆರಾದರೆ ಐದಕ್ಕೂ ಮೊದಲೇ ಹಲ್ಲು ಬಿದ್ದಿರಬೇಕು, ಅದು ಹೇಗೆ ಎಂದು ಹೆಡ್‌ಮಾಸ್ಟರಿಗೆ ಹೇಳಿದೆ. "ಡಾಕ್ಟರು ಹೇಳ್ಲಿ ರೀ, ನಾನು ಬೇಡ ಅನ್ನಲ್ಲ," ಎಂದರು.

ಶಿಕಾರಿಪುರದ ಹಲ್ಲಿನ ಡಾಕ್ಟರು ಸಂಗೀತ ಅವರು ಗಂಗಾಶ್ರೀಯ ದವಡೆಯ ಎಕ್ಸ್‌ರೇ ತೆಗೆದು ಬೆಳಕಿಗೆ ಹಿಡಿದರು. ಕಂಡ ಹಲ್ಲುಗಳ ಕೆಳಗೆ, ಮೂಳೆಯೊಳಗೆ, ಇನ್ನೊಂದು ಸಾಲು ತನ್ನ ಸರದಿಗೆ ಕಾದು ಕೂತಿತ್ತು. ಯಾರಿಗೂ ಕಾಣದಂತೆ ಬೆಳೆಸುವ ದೇವರ ನೆನಪಾಗಿ ನನ್ನ ಕೈ ತಾನಾಗಿ ಎದೆಗೆ ಹೋಯಿತು.

"ಇವೆಲ್ಲಾ ನನ್ನೊಳಗೇ ಇದಾವಾ?" ಗಂಗಾಶ್ರೀ ಕೆನ್ನೆ ಒತ್ತಿ ನೋಡಿಕೊಂಡಳು.

"ಇದಾವೆ. ಇವುಗಳ ಬೇರು ಎಷ್ಟು ಬೆಳೆದಿದೆ ಅಂತ ನೋಡೇ ನಾವು ವಯಸ್ಸು ಅಂದಾಜು ಮಾಡೋದು."

"ಆದ್ರೆ ಮೈ ಇಷ್ಟೇ ಇದೆಯಲ್ರೀ?" ಎಂದೆ.

"ಹೊಟ್ಟೆಗೆ ಕಡಿಮೆಯಾದ್ರೆ ಎತ್ತರ ಹಿಂದೆ ಬೀಳುತ್ತಮ್ಮ. ಹಲ್ಲು ಅಷ್ಟು ಹಿಂದೆ ಬೀಳಲ್ಲ. ಹೆಚ್ಚುಕಮ್ಮಿ ಒಂಬತ್ತು. ಒಂದು ವರ್ಷ ಆಚೀಚೆ ಇರಬಹುದು. ಆರಂತೂ ಅಲ್ಲ."

ಡಾಕ್ಟರು ಬರೆದುಕೊಟ್ಟಿದ್ದನ್ನು ಹೆಡ್‌ಮಾಸ್ಟರು ಓದಿ, "ಎಂಟೇ ಅಂದ್ರೂ ಮೂರನೇ ಕ್ಲಾಸು ಸರಿಹೋಗುತ್ತೆ. ಹಿಂದಿನ ಪಾಠ ನಾವು ಹೇಳ್ಕೊಡ್ತೀವಿ," ಎಂದು ಅವಳನ್ನು ಶರಣ್ಯನ ಪಕ್ಕದಲ್ಲೇ ಕೂರಿಸಿದರು.

ಸಂಜೆ ಜಗಲಿಯಲ್ಲಿ ಶರಣ್ಯನ ತಕರಾರು ಶುರುವಾಯಿತು.

"ವರ್ಷ ಆಚೀಚೆ ಅಂದಿದಾರೆ. ನಾನೇ ಅಕ್ಕ ಇರಬಹುದು."

"ನೋಡಣ," ಎಂದಳು ಗಂಗಾಶ್ರೀ. "ಬಾಯಿ ತೆಗಿ."