ಕಾಣದ ಖಾನೆ, ಸಂಖ್ಯೆ 40317

ನಾನು ಒಂದು ಖಾನೆ. ಆದರೆ ನೀವು ನನ್ನನ್ನು ನೋಡಿಲ್ಲ. ಕಂಪ್ಯೂಟರಿನಲ್ಲಿ ಅರ್ಜಿ ತುಂಬುವಾಗ ಹೆಸರಿಗೊಂದು, ವಿಳಾಸಕ್ಕೊಂದು, ಫೋನ್ ನಂಬರಿಗೊಂದು ಬಿಳಿಯ ಚೌಕ ಕಾಣುತ್ತದಲ್ಲ, ಅವೆಲ್ಲ ನನ್ನ ಒಡಹುಟ್ಟಿದವು. ಅವುಗಳ ನಡುವೆಯೇ ನಾನೂ ಇರುತ್ತೇನೆ. ನನಗೆ ಚೌಕವಿಲ್ಲ, ಗೆರೆಯಿಲ್ಲ, ಪಕ್ಕದಲ್ಲಿ ಹೆಸರೂ ಇಲ್ಲ. ಕಾಣಬಾರದೆಂದೇ ನನ್ನನ್ನು ಮಾಡಿದ್ದಾರೆ. ಇದರಿಂದ ಬೇಸರವೇ ಎಂದು ಕೇಳಿದರೆ, ಹೌದು, ಬೇಸರವೇ. ಹೊತ್ತು ಸಾಗಿಸುವ ಕೆಲಸ ನನ್ನದು, ನೋಡಿ ಮೆಚ್ಚುವುದು ಮಾತ್ರ ಅವುಗಳನ್ನು.

ನಾನು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ, ಕನ್ನಡಕದ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ. ಸುಮಂಗಲಾ ಎಂಬಾಕೆ ನನ್ನನ್ನು ಬರೆದಳು. ನರ್ಸಿಂಗ್ ತರಬೇತಿ ಕೊಡುವ ಒಂದು ಸಂಸ್ಥೆಗೆ ಅರ್ಜಿಯ ಪುಟಗಳು ಬೇಕಾಗಿದ್ದವು. ಎಲ್ಲವನ್ನೂ ಒಂದೇ ಪುಟದಲ್ಲಿ ಕೇಳಿದರೆ ಜನ ಹೆದರುತ್ತಾರೆಂದು ಆಕೆ ನಾಲ್ಕು ಪುಟ ಮಾಡಿದಳು. ಮೊದಲನೆಯದರಲ್ಲಿ ಹೆಸರು, ಫೋನು. ಎರಡನೆಯದರಲ್ಲಿ ವಿಳಾಸ, ಓದು. ಮೂರನೆಯದರಲ್ಲಿ ಫೋಟೋ, ಜಾತಿ ಪ್ರಮಾಣಪತ್ರ. ನಾಲ್ಕನೆಯದರಲ್ಲಿ ಒಪ್ಪಿಗೆ.

ತೊಂದರೆಯೆಲ್ಲ ಸರ್ವರಿನದು. ದೂರದಲ್ಲೆಲ್ಲೋ ಕುಳಿತು ಅರ್ಜಿ ತೆಗೆದುಕೊಳ್ಳುವ ಆ ದೊಡ್ಡ ಯಂತ್ರ ಶುದ್ಧ ಮರೆಗುಳಿ. ಮೊದಲ ಪುಟ ಈಗಷ್ಟೇ ಕೊಟ್ಟುಹೋದವರು ಎರಡನೆಯ ಪುಟ ಹಿಡಿದು ಬಂದರೆ, "ನೀನು ಯಾರು?" ಎಂದು ಕೇಳುತ್ತದೆ. ಅದಕ್ಕೆ ಉತ್ತರ ಕೊಡಲು ನಾನು. ಮೊದಲ ಪುಟ ತೆರೆದೊಡನೆ ಸರ್ವರು ಒಂದು ಸಂಖ್ಯೆಯನ್ನು ನನ್ನೊಳಗೆ ಇಡುತ್ತದೆ. ಪುಟದಿಂದ ಪುಟಕ್ಕೆ ಅದನ್ನು ಹೊತ್ತೊಯ್ದು ಪ್ರತಿ ಸಲವೂ ಅದನ್ನೇ ಒಪ್ಪಿಸುತ್ತೇನೆ. ಹೇಳಿದ್ದೇ ಹೇಳುವ ಕಿಸಬಾಯಿದಾಸ ನಾನು.

ಬ್ರೌಸರಿನ ಕಡೆ ಒಂದು ಪುಟ್ಟ ಸ್ಕ್ರಿಪ್ಟು, ಎಂದರೆ ಹೇಳಿದಷ್ಟನ್ನೇ ಮಾಡುವ ನಾಲ್ಕು ಸಾಲಿನ ಆಜ್ಞೆ, ಬಾಗಿಲು ಕಾಯುತ್ತಿತ್ತು. ಫೋನ್ ನಂಬರಿಗೆ ಹತ್ತು ಅಂಕಿ ಇದೆಯೇ, ಏನಾದರೂ ಖಾಲಿ ಬಿಟ್ಟಿದ್ದಾರೆಯೇ ಎಂದು ನೋಡಿ ಕೆಂಪು ಅಕ್ಷರದಲ್ಲಿ ಗದರುತ್ತಿತ್ತು. ಅರ್ಜಿ ಪೂರ್ತಿಯಾದ ಮೇಲೆ ನನ್ನನ್ನು ಬರಿದು ಮಾಡಿ ಮುಂದಿನವರಿಗೆ ಸಿದ್ಧಗೊಳಿಸುವುದೂ ಅದರ ಕೆಲಸವೇ. ಅರ್ಜಿ ಅರ್ಧಕ್ಕೆ ನಿಂತರೆ ಏನು ಮಾಡಬೇಕೆಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸುಮಂಗಲಾಗೆ ಅದು ಹೊಳೆದಿತ್ತು. ನನ್ನ ತಲೆಯ ಮೇಲೆ, ತನಗೆ ಮಾತ್ರ ಕಾಣುವಂತೆ ಒಂದು ಸಾಲು ಬರೆದಳು: "ಹೆಸರಿಗೂ ಈ ಸಂಖ್ಯೆಗೂ ತಾಳೆ ನೋಡಬೇಕು. ನಾಳೆ ಮಾಡುವುದು." ಮರುವಾರ ಆಕೆ ಬೇರೆ ಕೆಲಸಕ್ಕೆ ಹೋದಳು. ಹಿಂದೆ ದೆವ್ವ ಬಂದು ಕದ ತಟ್ಟಬಾರದೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರಂತೆ. ನನ್ನ ನೆತ್ತಿಯ ಮೇಲೂ ನಾಳೆ ಎಂದೇ ಇತ್ತು. ಆದರೆ ಅದನ್ನು ಬರೆದದ್ದು ಒಳಗಡೆ. ಹೊರಗಿನಿಂದ ಬರುವವರಿಗೆ ಕಾಣುವಂತಿರಲಿಲ್ಲ.

ಅಲ್ಲಿಂದ ನಾನು ಗಜೇಂದ್ರಗಡಕ್ಕೆ ಬಂದೆ. ಬಸ್ ಸ್ಟ್ಯಾಂಡಿನ ಎದುರು ಮೌನೇಶ ಬಡಿಗೇರನ ಸೈಬರ್ ಸೆಂಟರ್. ಎರಡು ಕಂಪ್ಯೂಟರು, ಒಂದು ಪ್ರಿಂಟರು, ಫೋಟೋ ತೆಗೆಯಲು ಗೋಡೆಗೆ ನೀಲಿ ಬಟ್ಟೆ. ಮೌನೇಶ ಕೈ ಚುರುಕಿನ ಮನುಷ್ಯ, ಮನಸ್ಸೂ ಒಳ್ಳೆಯದು. ಅವನಿಗೊಂದು ರೂಢಿಯಿತ್ತು. ಒಬ್ಬರ ಅರ್ಜಿ ಮುಗಿದ ಮೇಲೆ ಪುಟವನ್ನು ಹೊಸದಾಗಿ ತೆರೆಯುತ್ತಿರಲಿಲ್ಲ. ಹಿಂದಕ್ಕೆ ಹೋಗುವ ಬಾಣವನ್ನು ಒತ್ತಿ, ಹಳೆಯ ಹೆಸರಿನ ಮೇಲೆ ಹೊಸ ಹೆಸರು ಬಡಿಯುತ್ತಿದ್ದ. ಸಂಸ್ಥೆಯ ಹೆಸರು, ತಾಲೂಕು, ಜಿಲ್ಲೆ ಮತ್ತೆ ತುಂಬುವ ಕಷ್ಟವಿಲ್ಲ. ಮುಗಿದ ಅರ್ಜಿಯಾದ್ದರಿಂದ ನಾನು ಬರಿದಾಗಿರುತ್ತಿದ್ದೆ, ಹೊಸ ಸಂಖ್ಯೆ ಸಿಗುತ್ತಿತ್ತು, ಯಾರಿಗೂ ತೊಂದರೆಯಾಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ನೀಲಮ್ಮ ಬಾರಕೇರ ಎಂಬ ಹುಡುಗಿ ಬಂದಳು. ಹತ್ತೊಂಬತ್ತು ವರ್ಷ. ನೀಲಿ ಬಟ್ಟೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡಳು. ಭುಜದ ಮೇಲಿನ ವೇಲಿಗೆ ಚುಚ್ಚಿದ ಪಿನ್ನು ಸ್ವಲ್ಪ ಓರೆಯಾಗಿತ್ತು. ಫೋನು ಇರಲಿಲ್ಲ, ಮೌನೇಶ ತನ್ನದೇ ನಂಬರ್ ಹಾಕಿದ. ಅವಳಿಗೆ ಬಂದ ಸಂಖ್ಯೆ 40317, ಅದನ್ನು ತಿಳಿಸುವ ಸಂದೇಶ ಅವನ ಫೋನಿಗೇ ಬಂತು. ಮೂರನೇ ಪುಟಕ್ಕೆ ಬಂದಾಗ ಫೋಟೋ ಏರಿತು, ಪ್ರಮಾಣಪತ್ರದ ಖಾನೆ ಖಾಲಿ ಉಳಿಯಿತು.

"ಅಯ್ಯ, ಸರ್ಟಿಫಿಕೇಟು ಮನ್ಯಾಗ ಬಿಟ್ಟು ಬಂದೀನ್ರಿ ಅಣ್ಣಾರ," ಎಂದಳು. "ನಾಳಿ ತಂದು ಕೊಡ್ತೀನಿ. ಇದನ್ನ ಹಿಂಗ ಇಡ್ರಿ."

"ಇಟ್ಟಿರ್ತೀನಿ ತಂಗಿ. ಮುಚ್ಚೂದಿಲ್ಲ," ಎಂದ ಮೌನೇಶ.

ಅವಳು ಊರಿಗೆ ಹೊರಟ ಟಂಟಂ ಆಟೋ ಹಳ್ಳದ ತಿರುವಿನಲ್ಲಿ ಪಲ್ಟಿ ಹೊಡೆಯಿತು, ಅವಳು ಅಲ್ಲೇ ತೀರಿಕೊಂಡಳು. ಮರುದಿನ ಚಹಾದ ಅಂಗಡಿಯವನು ಬಂದು ಹೇಳಿದಾಗ ಮೌನೇಶ ಎದ್ದು ನಿಂತ, ಮತ್ತೆ ಕುಳಿತ. ಅವನ ಕೈ ಪುಟ ಮುಚ್ಚುವ ಗುರುತಿನ ತನಕ ಬಂದು ಹಿಂದಕ್ಕೆ ಹೋಯಿತು. ಮುಚ್ಚುವುದಿಲ್ಲ ಎಂದು ಮಾತು ಕೊಟ್ಟಿದ್ದ. ಆ ಕಂಪ್ಯೂಟರನ್ನು ಬಿಟ್ಟು ಪಕ್ಕದ್ದರಲ್ಲಿ ಕೆಲಸ ಮಾಡತೊಡಗಿದ.

ಹನ್ನೆರಡು ದಿನ ನಾನು ಆ ಮೂರನೇ ಪುಟದಲ್ಲಿ ನಿಂತಿದ್ದೆ. ಖಾಲಿ ಖಾನೆಯಲ್ಲಿ ಒಂದು ಸಣ್ಣ ಗೆರೆ ಮಿನುಗುತ್ತಲೇ ಇತ್ತು, ಏನನ್ನೋ ಕೇಳುವ ಹಾಗೆ. ಮೇಲಿನ ಮೂಲೆಯಲ್ಲಿ ನೀಲಮ್ಮನ ಮುಖ. ಆ ಯಂತ್ರದ ಮುಂದೆ ಯಾರೂ ಕೂರುತ್ತಿರಲಿಲ್ಲ. ಹೆದರಿಕೆಯೆಂದರೆ ಏನೆಂದು ನನಗೆ ಗೊತ್ತಿರಲಿಲ್ಲ, ಅಲ್ಲಿ ಕಲಿತೆ. ಸತ್ತವಳ ಸಂಖ್ಯೆ ನನ್ನೊಳಗೆ ಬೆಚ್ಚಗೆ ಕುಳಿತಿತ್ತು, ಇಳಿಸಲು ನನಗೆ ಕೈಯಿರಲಿಲ್ಲ.

ಅವಳ ತಾಯಿ ಗಿರಿಜವ್ವ ಒಮ್ಮೆ ಬಂದಳು. ಮಗಳದು ಬೇರೆ ಫೋಟೋ ಇಲ್ಲವಂತೆ. ಮನೆಯಲ್ಲಿ ಇರುವುದು ಶಾಲೆಯ ಗುಂಪಿನ ಪಟ, ಅದರಲ್ಲಿ ಮುಖ ಶೇಂಗಾ ಬೀಜದಷ್ಟು. ಮೌನೇಶನ ಕ್ಯಾಮೆರಾದಲ್ಲಿ ಅವಳ ಫೋಟೋ ಅಳಿಸಿಹೋಗಿತ್ತು. ಅರ್ಜಿಯ ಪುಟದಲ್ಲಿ ಇರುವುದು ಅವನಿಗೆ ನೆನಪಿತ್ತೋ ಇಲ್ಲವೋ, ಅದನ್ನು ತೋರಿಸುವ ಧೈರ್ಯವಂತೂ ಆಗಲಿಲ್ಲ. "ಇಲ್ಲವ್ವಾ, ಹೋಗಿಬಿಟ್ಟೈತಿ," ಎಂದುಬಿಟ್ಟ. ಆಕೆ ಇಡೀ ಹೊತ್ತು ನನ್ನ ಪರದೆಗೆ ಬೆನ್ನು ಮಾಡಿ ನಿಂತಿದ್ದಳು. ಆವತ್ತು ನನಗೆ ಮೌನೇಶನ ಮೇಲೆ ಸಿಟ್ಟು ಬಂತು.

ಅರ್ಜಿಗೆ ಕೊನೆಯ ದಿನ ಶಾಹೀನ್ ನದಾಫ್ ಓಡೋಡಿ ಬಂದಳು. ಹತ್ತಿ ಹಿಂಜಿ ಗಾದಿ ಮಾಡುವ ಮನೆತನದವಳು. ಹತ್ತಿಯ ದೂಳು ಎದೆಗೆ ಹೊಕ್ಕು ಹಾಸಿಗೆ ಹಿಡಿದಿದ್ದ ತಂದೆಯನ್ನು ನಾಲ್ಕು ವರ್ಷ ನೋಡಿಕೊಂಡು, ಅವರು ತೀರಿಕೊಂಡ ಮೇಲೆ ನರ್ಸ್ ಆಗಬೇಕೆಂದು ಹೊರಟಿದ್ದಳು. ಮುಂದಿನ ವರ್ಷಕ್ಕೆ ವಯಸ್ಸಿನ ಮಿತಿ ದಾಟುತ್ತಿತ್ತು. ಈ ಸಲ ತಪ್ಪಿದರೆ ಮತ್ತೆ ಅವಕಾಶವೇ ಇಲ್ಲ.

ಕೊನೆಯ ದಿನವೆಂದರೆ ಗೊತ್ತಲ್ಲ, ಊರೆಲ್ಲ ಅಂದೇ ಏಳುತ್ತದೆ. ಹೊಸ ಪುಟ ತೆರೆಯಲೇ ಇಲ್ಲ, ಚಕ್ರ ಸುಮ್ಮನೆ ತಿರುಗುತ್ತಿತ್ತು. ಮೌನೇಶ ಹಣೆ ಒರೆಸಿಕೊಂಡು ಹನ್ನೆರಡು ದಿನಗಳಿಂದ ಮುಟ್ಟದ ಕಂಪ್ಯೂಟರಿನ ಮುಂದೆ ಬಂದು ಕುಳಿತ. ಮೂರನೇ ಪುಟ ತೆರೆದೇ ಇತ್ತು. ಅವನ ಬೆರಳು ರೂಢಿಯಂತೆ ಬಾಣವನ್ನು ಎರಡು ಸಲ ಒತ್ತಿತು. ಮೊದಲ ಪುಟ. ಹೆಸರಿನ ಚೌಕದಲ್ಲಿ ನೀಲಮ್ಮ ಬಾರಕೇರ. ಅವನು ಕಣ್ಣು ಬೇರೆಡೆ ತಿರುಗಿಸಿ ಅದನ್ನು ಅಳಿಸಿದ. ಹೊಸ ಹೆಸರು ಬಡಿಯುವ ಮೊದಲೇ ಬ್ರೌಸರು ತನ್ನ ನೆನಪಿನಿಂದ ಆ ಹೆಸರನ್ನೇ ಮತ್ತೆ ಕೆಳಗಿಳಿಸಿ ತೋರಿಸಿತು. ಮತ್ತೆ ಅಳಿಸಿದ. ಮತ್ತೆ ತೋರಿಸಿತು.

ನಾನು ಒಳಗಿನಿಂದ ಕೂಗಬೇಕೆಂದಿದ್ದೆ. ಆದರೆ ನನಗೆ ಬರುವುದು ಒಂದೇ ಮಾತು. 40317, 40317 ಎಂದು ನಾಲ್ಕೂ ಪುಟ ಹೇಳಿಕೊಂಡು ಹೋದೆ. ಶಾಹೀನಳ ಪ್ರಮಾಣಪತ್ರ ಖಾಲಿ ಖಾನೆಗೆ ಸೇರಿತು. ಅವಳ ಫೋಟೋ ಕೊಟ್ಟಾಗ ಸರ್ವರು, ಈ ಸಂಖ್ಯೆಗೆ ಫೋಟೋ ಇದೆಯಲ್ಲ ಎಂದು ಸದ್ದಿಲ್ಲದೆ ಬದಿಗೆ ಬಿಸಾಡಿತು. ತಾಳೆ ನೋಡುವ ಕೆಲಸ ನಾಳೆಯದಾಗಿತ್ತು.

ಐದು ನಿಮಿಷಕ್ಕೆ ಮೌನೇಶನ ಫೋನು ಗುಂಯ್‌ಗುಟ್ಟಿತು. ಸಂದೇಶ ಕಳಿಸುವ ಸ್ಕ್ರಿಪ್ಟು ಮೊದಲ ದಿನ ಬರೆದ ಹೆಸರು, ಫೋನುಗಳ ಪಟ್ಟಿಯನ್ನೇ ನೋಡುತ್ತಿತ್ತು. "ನೀಲಮ್ಮ ಬಾರಕೇರ ಅವರೇ, ನಿಮ್ಮ ಅರ್ಜಿ ಪೂರ್ಣಗೊಂಡಿದೆ. ಧನ್ಯವಾದಗಳು."

ಶಾಹೀನ್ ಆಗಲೇ ಹೊರಟುಹೋಗಿದ್ದಳು. ಮೌನೇಶ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. ಮರುದಿನ ಪರದೆಯ ಮೇಲೆ ನಿಂಬೆಹಣ್ಣು, ಮೆಣಸಿನಕಾಯಿ ತೂಗಾಡಿದವು. ಊದಿನಕಡ್ಡಿಯ ಹೊಗೆ ಯಂತ್ರದ ಫ್ಯಾನಿಗೆ ಹೊಕ್ಕಿತು. ತಪ್ಪು ಮಾಡಿದ ಕೈ ತನ್ನದೇ ಎಂದು ಅವನಿಗೆ ಹೊಳೆಯಲಿಲ್ಲ.

ಪರೀಕ್ಷೆಗೆ ಎರಡು ದಿನ ಉಳಿದಾಗ ಶಾಹೀನ್ ಹಾಲ್ ಟಿಕೆಟ್ಟಿಗೆ ಬಂದಳು. ಅವಳ ಅರ್ಜಿ ತೆರೆದೊಡನೆ ಸರ್ವರು 40317 ಅನ್ನು ಮತ್ತೆ ನನ್ನೊಳಗೆ ಇಟ್ಟಿತು. ಪ್ರಿಂಟರು ಕಾಗದವನ್ನು ಮೆಲ್ಲಗೆ ಹೊರಗೆ ನೂಕಿತು. ಮೊದಲು ಶಾಹೀನ್ ನದಾಫ್ ಎಂಬ ಹೆಸರು ಬಂತು. ಆಮೇಲೆ ಒಂದು ಹಣೆ, ಎರಡು ಕಣ್ಣು, ವೇಲು, ಓರೆಯಾದ ಪಿನ್ನು.

"ಅಣ್ಣಾ, ಇದು ಯಾರ ಫೋಟೋ?"

ಮೌನೇಶ ಶಾಹೀನಳ ಫೋಟೋ ಮತ್ತೆ ಏರಿಸಿದ, ಮತ್ತೆ ಪ್ರಿಂಟ್ ಕೊಟ್ಟ. ಅದೇ ಮುಖ. ಮೂರನೆಯ ಸಲವೂ ಅದೇ ಮುಖ ಬಂದಾಗ ಎಲ್ಲವನ್ನೂ ಹೇಳಿದ. "ಆಕಿ ಬಿಡವಲ್ಲಳು ತಂಗಿ. ನಾಳಿ ಬರ್ತೀನಿ ಅಂದಿದ್ಲು. ಬಂದಾಳ."

ಶಾಹೀನ್ ಆ ಕಾಗದವನ್ನು ಕೊನೆಯ ಸಾಲಿನ ತನಕ ಓದಿದಳು. ಆಮೇಲೆ ಹೇಳಿದಳು: "ಹತ್ತಿ ಹಿಂಜುವಾಗ ಗಂಟು ಸಿಕ್ಕರ ದೆವ್ವ ಹಿಡಿದೈತಿ ಅನ್ನೂದಿಲ್ಲ ಅಣ್ಣಾ ನಾವು. ಕುಂತು ಬಿಡಸ್ತೀವಿ. ಫೋಟೋ ಸರಿ ಮಾಡಾಕ ಇವತ್ತು ಸಂಜಿ ಐದರ ತನಕಾನ ಟೈಮ್ ಐತಿ ಅಂತ ಇದರಾಗ ಬರದಾರ. ಏನರ ಮಾಡು."

ಸಂಸ್ಥೆಗೆ ಫೋನ್ ಮಾಡಿದರು. ಆ ಕಡೆಯ ದನಿ ಆಕಳಿಸುತ್ತ, "ನಾಳೆ ಮಾಡಿ," ಎಂದಿತು. ಗಂಟೆ ನಾಲ್ಕು ದಾಟಿತ್ತು.

ಆಗ ಮೌನೇಶನಿಗೆ ಎಂದೋ ಕಲಿತ ಒಂದು ವಿದ್ಯೆ ನೆನಪಾಯಿತು. ಪುಟದ ಹಿಂದಿನ ಬರಹವನ್ನು ತೆರೆದು ನೋಡುವುದು. ಸಾಲು ಸಾಲಾಗಿ ಇಳಿಯುತ್ತ ಬಂದು ಅವನ ಕಣ್ಣು ನನ್ನ ಮೇಲೆ ನಿಂತಿತು. ನಾನು ಹುಟ್ಟಿದಂದಿನಿಂದ, ಸುಮಂಗಲಾಳ ನಂತರ, ನನ್ನನ್ನು ಕಂಡ ಮೊದಲ ಮನುಷ್ಯ ಅವನು. 40317 ಎಂದು ಬಾಯಿಬಿಟ್ಟು ಓದಿದ. ತನ್ನ ಫೋನು ತೆಗೆದು ನೀಲಮ್ಮನ ಮೊದಲ ದಿನದ ಸಂದೇಶ ನೋಡಿದ. ಅದೇ ಸಂಖ್ಯೆ.

"ಆಕೀ ಅಲ್ಲ," ಎಂದ. "ನಾನ. ಹಿಂದಕ ಒತ್ತಿ ಆಕಿ ನಂಬರಿನ ಮ್ಯಾಲ ನಿನ್ನ ಬರದೀನಿ."

ಮೂರನೇ ಪುಟದ ತಳದಲ್ಲಿ, ಯಾರೂ ಓದದಷ್ಟು ಸಣ್ಣ ಅಕ್ಷರದಲ್ಲಿ 'ಹಳೆಯ ಫೋಟೋ ಅಳಿಸಿ' ಎಂದಿತ್ತು. ಒತ್ತಿದ. ಬಾಗಿಲು ಕಾಯುವ ಸ್ಕ್ರಿಪ್ಟು ಎದುರಿಗೆ ಬಂದು, ಅದೇ ಹಳೆಯ ಪಟ್ಟಿಯನ್ನು ನೋಡಿ ಕೇಳಿತು: "ನೀಲಮ್ಮ ಬಾರಕೇರ ಅವರನ್ನು ಅಳಿಸಬೇಕೆ? ಹೌದು. ಇಲ್ಲ."

ಮೌನೇಶನ ಕೈ ಅಲ್ಲಿಯೇ ನಿಂತಿತು. ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. "ಅವರವ್ವ ಫೋಟೋ ಕೇಳಿದ್ಲು. ನಾ ಇಲ್ಲಂದೆ," ಎಂದು ಹೇಳಿ ಅತ್ತುಬಿಟ್ಟ.

ಶಾಹೀನ್ ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡಳು. ತನ್ನ ಹೆಸರಿದ್ದ ಹಾಲ್ ಟಿಕೆಟ್ಟಿನಿಂದ ಆ ಮುಖವನ್ನು ಅಂಚು ಹಾಳಾಗದಂತೆ ನಾಲ್ಕೂ ಕಡೆ ಕತ್ತರಿಸಿದಳು. ಉಳಿದೆರಡು ಪ್ರತಿಗಳಿಂದಲೂ ಕತ್ತರಿಸಿದಳು. ಮೂರು ಚೂರುಗಳನ್ನು ಅವನ ಅಂಗೈಯಲ್ಲಿಟ್ಟಳು. "ಇವನ್ನ ಅವರವ್ವಗ ಕೊಟ್ಟು ಬಾ. ಈಗ ಒತ್ತಣ್ಣಾ."

ಅವನು ಹೌದು ಎಂಬುದನ್ನು ಒತ್ತಿದ. ನಾನೇ ಸಂಖ್ಯೆ ಹೊತ್ತು ಹೋಗಿ ಹೇಳಿದೆ, ನಾನೇ ತಿರುಗಿ ಬಂದೆ. ಮೂಲೆಯ ಚೌಕ ಬೆಳ್ಳಗಾಗಿತ್ತು. ಐದಕ್ಕೆ ಮೂರು ನಿಮಿಷವಿದ್ದಾಗ ಶಾಹೀನಳ ಮುಖ ಅಲ್ಲಿಗೆ ಬಂದು ಕುಳಿತಿತು.

ಮರುದಿನವೇ ಮೌನೇಶ ಆ ಮೂರು ಚೂರುಗಳನ್ನು ಗಿರಿಜವ್ವನ ಕೈಗೆ ಕೊಟ್ಟು, ನಡೆದದ್ದನ್ನೆಲ್ಲ ಹೇಳಿ ಬಂದ. ಶಾಹೀನ್ ಪರೀಕ್ಷೆ ಬರೆದಳು, ಸೀಟು ಸಿಕ್ಕಿತು. ಮೂರು ವರ್ಷ ಕಳೆದವು. ಒಂದು ದಿನ ತರಬೇತಿಯ ಪ್ರಮಾಣಪತ್ರ ಪ್ರಿಂಟ್ ತೆಗೆಸಲು ಅದೇ ಅಂಗಡಿಗೆ ಬಂದಳು. ಗಿರಿಜವ್ವ ಏನೋ ಅರ್ಜಿಗೆಂದು ಅಲ್ಲೇ ಕುಳಿತಿದ್ದಳು. ಪುಟ ತೆರೆದೊಡನೆ ಮೌನೇಶನ ಫೋನು ಗುಂಯ್‌ಗುಟ್ಟಿತು. ಅವನು ಓದಿದ. ಈ ಸಲ ಊದಿನಕಡ್ಡಿ ಹುಡುಕಲಿಲ್ಲ. ಗಿರಿಜವ್ವನ ಮುಂದೆ ಕುಕ್ಕುರುಗಾಲಲ್ಲಿ ಕುಳಿತು ಗಟ್ಟಿಯಾಗಿ ಓದಿದ: "ನೀಲಮ್ಮ ಬಾರಕೇರ ಅವರೇ, ನಿಮ್ಮ ತರಬೇತಿ ಪೂರ್ಣಗೊಂಡಿದೆ. ಅಭಿನಂದನೆಗಳು."

ಗಿರಿಜವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಳಲಿಲ್ಲ. "ಹೌದಾ?" ಎಂದಳು. "ಹಂಗಾರ ಡ್ಯೂಟಿ ಯಾವ ಊರಿಗೆ ಹಾಕ್ಯಾರಂತ?"

ಶಾಹೀನ್ ಹೋಗಿ ಗಿರಿಜವ್ವನ ಪಕ್ಕ ಕುಳಿತಳು.

"ನನ್ನ ಜೋಡಿನ, ಅವ್ವಾ," ಎಂದಳು. "ನಾ ಇರೂ ವಾರ್ಡಿನಾಗ ಕಣ್ಣಿನ ನೆದರಿಲ್ಲದ ಒಬ್ಬಾಕಿ ಅಜ್ಜಿ ಅದಾಳ. ಮೊದಲ ದಿನದಿಂದ ನನ್ನ ನೀಲವ್ವ, ನೀಲವ್ವ ಅಂತ ಕರೀತಾಳ. ಆಕೀಗೆ ಯಾರೂ ಹೇಳಿಲ್ಲ. ನಾನೂ ಓ ಅಂತೀನಿ."

ನನ್ನೊಳಗಿನ ಸಂಖ್ಯೆ ಒಮ್ಮೆ ಭಾರವಾದಂತೆ ಅನಿಸಿತು.

ಈಗ ನಾನು ಹಳಬ. ಸಂಸ್ಥೆ ಹೊಸ ಪುಟಗಳನ್ನು ಮಾಡಿಸಿಕೊಂಡಿದೆ, ಅವುಗಳಲ್ಲಿ ನನ್ನಂಥವರಿಗೆ ಜಾಗವಿಲ್ಲ. ಆದರೂ ಹಳೆಯ ಸರ್ವರನ್ನು ಆರಿಸಿಲ್ಲ. ಆರಿಸಿದರೆ ಏನು ಕೆಡುತ್ತದೋ ಎಂದು ಎಲ್ಲರಿಗೂ ಅಂಜಿಕೆ, ನಾಳೆ ನೋಡೋಣ ಎನ್ನುತ್ತಾರೆ. ಮೌನೇಶನ ಹಳೆಯ ಕಂಪ್ಯೂಟರು ಮೇಜಿನ ಕೆಳಗೆ ಬಟ್ಟೆ ಹೊದ್ದುಕೊಂಡಿದೆ. ವರ್ಷಕ್ಕೊಮ್ಮೆ, ನೀಲಮ್ಮ ಬಂದುಹೋದ ದಿನ, ಅವನು ಅದನ್ನು ಹಚ್ಚುತ್ತಾನೆ. ಬ್ರೌಸರು ಕೊನೆಯಲ್ಲಿ ತೆರೆದಿದ್ದ ಪುಟವನ್ನು ತಾನೇ ತೆರೆಯುತ್ತದೆ. ನಾನು ಎದ್ದು ಸರ್ವರಿನ ಬಾಗಿಲಿಗೆ ಹೋಗುತ್ತೇನೆ.

"ನೀನು ಯಾರು?" ಎಂದು ಆ ಮರೆಗುಳಿ ಈಗಲೂ ಕೇಳುತ್ತದೆ.

40317 ಎನ್ನುತ್ತೇನೆ. ಅಷ್ಟಕ್ಕೇ ತೃಪ್ತಿಪಟ್ಟು ಒಳಗೆ ಬಿಡುತ್ತದೆ. ಎಷ್ಟು ಜನ ಎಂದು ಅದು ಒಮ್ಮೆಯೂ ಕೇಳಿಲ್ಲ. ಕೇಳಿದ್ದರೆ, ಇಬ್ಬರು ಎಂದು ಹೇಳುತ್ತಿದ್ದೆ.